ವಾಡೆಯ ಜೋಕರ್ ಗೊಂಬೆಗೆ ಬೆಲೆ ಕಟ್ಟಿದ್ದು

ಗೊಂಬೆಯನ್ನು ನಾನು ಕೈಗೆತ್ತಿಕೊಳ್ಳುವ ಮೊದಲು ಮನೆಯೊಳಗಿನ ಕೊಡಲಿ, ಕುಡುಗೋಲು, ಬಾರಕೋಲುಗಳನ್ನೆಲ್ಲ ತಲಬಾಗಿಲ ಹೊರಗೆ ತಂದಿಡಬೇಕು ಎಂಬುದು ವಕೀಲರು ಹಾಕಿದ್ದ ಷರತ್ತು. ಹಿಂದಿನ ಬಾರಿ ಆ ಮನೆಯ ಅಣ್ಣತಮ್ಮಂದಿರು ಪಾಲಿನ ಮಾತಿಗೆ ಕುಳಿತಾಗ ಅಣ್ಣ ಬೀಸಿದ ಕುಡುಗೋಲು ತಮ್ಮನ ಎಡ ಅಂಗೈಯನ್ನು ಸೀಳಿತ್ತು. ಆ ಕೈಯ ಎರಡು ಬೆರಳುಗಳು ಈಗಲೂ ಮಡಚುವುದಿಲ್ಲ. ಸವದತ್ತಿ ತಾಲೂಕಿನ ಆ ಹಳ್ಳಿಯ ವಾಡೆಗೆ, ಅವರ ಹಳೆಯ ದೊಡ್ಡ ಮನೆಗೆ, ನಾನು ತಲುಪಿದ ಬೆಳಿಗ್ಗೆ ಹೊರಗಟ್ಟೆಯ ಮೇಲೆ ಅವೆಲ್ಲವೂ ಸಾಲಾಗಿ ಮಲಗಿದ್ದವು. ತಮ್ಮ ಮತ್ತೊಮ್ಮೆ ಒಳಗೆ ಹೋಗಿ ಅಡುಗೆಮನೆಯ ಈಳಿಗೆಯನ್ನೂ ಹೊತ್ತು ತಂದ.

"ಈಳಿಗಿ ತಂದಿ, ಲಟ್ಟಣಗಿ ಬಿಟ್ಟ್ ಬಂದೀಯಲ್ಲೋ," ಎಂದು ಅಣ್ಣ ಪಡಸಾಲೆಯ ಕಂಬಕ್ಕೆ ಒರಗಿ ನಕ್ಕ. "ಲಟ್ಟಣಗೀಲೆ ಹೊಡದರ ಮನಶ್ಯಾ ಸಾಯಂಗಿಲ್ಲೇನ?"

ತಮ್ಮ ಮತ್ತೆ ಒಳಗೆ ಹೋದ. ಲಟ್ಟಣಿಗೆಯನ್ನೂ ತಂದಿಟ್ಟ.

ಹಳೆಯ ವಸ್ತುಗಳ ಕಾಲ, ಮೂಲ ಮತ್ತು ಸ್ಥಿತಿಯನ್ನು ಪರೀಕ್ಷಿಸಿ, ಬೆಲೆಯನ್ನು ನಿರ್ಧರಿಸಿ, ವರದಿ ಕೊಡುವುದು ನನ್ನ ವೃತ್ತಿ. ಹಿತ್ತಾಳೆ ದೀಪ, ಹಳೆಯ ನಾಣ್ಯ, ಕತ್ತಿಗಳು ನನಗೆ ಪರಿಚಿತವಾಗಿದ್ದವು. ಪಿಂಗಾಣಿ ಗೊಂಬೆಯ ಕೆಲಸ ಒಬ್ಬಳೇ ವಹಿಸಿಕೊಂಡದ್ದು ಅದೇ ಮೊದಲು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದ್ದರಿಂದ, ತಪ್ಪಾದರೆ ಕೇಳಿ ತಿದ್ದಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಪ್ರತಿ ಹಂತವನ್ನೂ ಮೊದಲೇ ಹೇಳಿ, ಸಂಬಂಧಪಟ್ಟವರೆಲ್ಲರ ಒಪ್ಪಿಗೆ ಪಡೆದೇ ಮುಂದುವರಿಯುವುದನ್ನು ರೂಢಿಸಿಕೊಂಡಿದ್ದೆ.

ವ್ಯಾಜ್ಯದ ಸ್ವರೂಪ ಹೀಗಿತ್ತು. ತಂದೆ ತೀರಿಕೊಂಡ ಮೇಲೆ ಹೊಲ ಮತ್ತು ವಾಡೆ ಪಾಲಾಗಬೇಕಾಗಿತ್ತು. ಬೈಲಹೊಂಗಲಕ್ಕೆ ಕೊಟ್ಟ, ಅಣ್ಣತಮ್ಮಂದಿರ ನಡುವೆ ಹುಟ್ಟಿದ ಅಕ್ಕನಿಗೂ ಸಮನಾದ ಹಕ್ಕಿತ್ತು. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡುವುದು, ಅದಕ್ಕೆ ಪ್ರತಿಯಾಗಿ ತವರಿನವರು ಒಂದು ಇಳಕಲ್ ಸೀರೆ ಮತ್ತು ಕುಪ್ಪಸ ಕೊಟ್ಟು ಉಡಿ ತುಂಬುವುದು ನಡೆದು ಬಂದಿದೆ. ಅಕ್ಕ ಸಹಿಗೆ ಒಪ್ಪಿದ್ದರು. ಆದರೆ ಸೀರೆ ಬೇಡ, ಅದರ ಬದಲು ಪಡಸಾಲೆಯ ಗೂಡಿನಲ್ಲಿರುವ ಜೋಕರ್ ಗೊಂಬೆ ಸಾಕು ಎಂದಿದ್ದರು. ಇಷ್ಟು ಕೇಳಿದ್ದೇ ಸಂಶಯಕ್ಕೆ ಕಾರಣವಾಯಿತು. ಎಕರೆಗಟ್ಟಲೆ ಎರೆಭೂಮಿ ಬಿಟ್ಟು ಗೊಂಬೆ ಕೇಳುವವಳು ಅದರ ಬೆಲೆಯನ್ನು ಎಲ್ಲೋ ತಿಳಿದುಕೊಂಡಿರಬೇಕು ಎಂದು ಅಣ್ಣ ವಾದಿಸಿದ. ಅದಕ್ಕೆ ಲಕ್ಷಗಟ್ಟಲೆ ಬೆಲೆಯಿದೆ ಎಂದು ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಅವನಿಗೆ ಹೇಳಿದ್ದನಂತೆ. ಕೊನೆಗೆ ವಕೀಲರು ಒಂದು ಒಪ್ಪಂದಕ್ಕೆ ತಂದರು: ಗೊಂಬೆಯ ಬೆಲೆ ಸೀರೆ-ಕುಪ್ಪಸದ ಬೆಲೆಯನ್ನು ಮೀರದಿದ್ದರೆ ಅಕ್ಕ ಅದನ್ನು ಒಯ್ಯಬೇಕು. ಮೀರಿದರೆ ಅದು ವಾಡೆಯಲ್ಲಿಯೇ ಉಳಿಯಬೇಕು, ಅಕ್ಕ ಸೀರೆ ಉಟ್ಟು ಸಹಿ ಮಾಡಬೇಕು. ಬೆಲೆ ಹೇಳಬೇಕಾದವಳು ನಾನು.

ಅಣ್ಣ, ತಮ್ಮ, ಅಕ್ಕ ಹಾಗೂ ಊರಿನ ಇಬ್ಬರು ಪಂಚರು ಪಡಸಾಲೆಯಲ್ಲಿ ಕುಳಿತರು. ಅಣ್ಣನ ಹೆಂಡತಿ ಅಡುಗೆಮನೆಯಿಂದ ಚಹಾ ಕಳಿಸಿದರು. ಉಳಿದವರಿಗೆ ಪಿಂಗಾಣಿ ಕಪ್ಪು-ಬಸಿಗಳಲ್ಲಿ ಬಂತು, ನನಗೆ ಕಾಗದದ ಲೋಟದಲ್ಲಿ.

"ನಿಮ್ಮ ಅಡ್ಡಹೆಸರೇನ್ರಿ ಮೇಡಮ್ಮಾರ?" ಎಂದು ಅಣ್ಣ ಕೇಳಿದ.

ಹೇಳಿದೆ. ಮನೆತನದ ಹೆಸರಿನಿಂದ ಜಾತಿ ತಿಳಿದ ಅವನು ಪಂಚರ ಕಡೆ ನೋಡಿದ. "ಸಾಲಿ ಕಲತರ ಯಾರ್ ಬೇಕಾದವರು ಯಾರ್ ಮನಿ ಕಿಮ್ಮತ್ತ ಬೇಕಾದ್ರೂ ಕಟ್ಟಬಹುದ ನೋಡ್ರಿ ಈಗ."

ನಾನು ಕೈಗವಸು ಹಾಕಿಕೊಂಡೆ. ಮಡಚಿದ ಕಂಬಳಿಯ ಮೇಲೆ ಬಿಳಿ ಬಟ್ಟೆ ಹಾಸಿ, ಗೊಂಬೆಯನ್ನು ಅದರ ಮೇಲೆ ಮಲಗಿಸಿದೆ.

ಒಂದು ಮೊಳಕ್ಕಿಂತ ತುಸು ಕಡಿಮೆ ಉದ್ದದ ಗೊಂಬೆ. ತಲೆ ಮತ್ತು ಹೆಗಲು ಒಂದೇ ತುಂಡಾಗಿ ಬಿಸ್ಕ್‌ನಲ್ಲಿ, ಅಂದರೆ ಮೆರುಗು ಹಚ್ಚದ ಪಿಂಗಾಣಿಯಲ್ಲಿ, ಆಗಿದ್ದವು. ಬಿಳಿಯ ಮುಖ, ಕಿವಿಯವರೆಗೆ ಚಾಚಿದ ಕೆಂಪು ಬಾಯಿ, ಹಣೆಯ ನಡುವಿಗೆ ಏರಿದ ಕಪ್ಪು ಹುಬ್ಬುಗಳು. ಮುಂಡ ಬಟ್ಟೆಯದು, ಕೈಗಳು ಕಟ್ಟಿಗೆಯವು. ಒಂದೊಂದು ಕೈಗೆ ಒಂದೊಂದು ಹಿತ್ತಾಳೆಯ ತಾಳ. ಹೊಟ್ಟೆಯನ್ನು ಒತ್ತಿದರೆ ಒಳಗಿನ ಪುಟ್ಟ ತಿದಿ ಕಿರುಚಿ, ತಂತಿ ಎಳೆದು, ತಾಳಗಳು ಬಡಿದುಕೊಳ್ಳುವಂತಹ ರಚನೆ. ಅಜ್ಜ ಮುಂಬಯಿಯಿಂದ ತಂದದ್ದೆಂದು ಮನೆಯವರ ಹೇಳಿಕೆ.

ಮೊದಲು ಮೃದುವಾದ ಕುಂಚದಿಂದ ಧೂಳು ತೆಗೆದೆ. ಉಗುರಿನಿಂದ ಹಣೆಯನ್ನು ತಟ್ಟಿದಾಗ ಸ್ಪಷ್ಟವಾದ ನಾದ ಬಂತು. ಗದ್ದವನ್ನು ತಟ್ಟಿದಾಗ ನಾದ ಮಂಕಾಯಿತು. ಬಿರುಕಿರಬಹುದೆಂದು ಟೋಪಿಯನ್ನು ಬಿಚ್ಚಿ, ತಲೆಯೊಳಗೆ ಸಣ್ಣ ದೀಪ ಇಳಿಸಿದೆ. ಗದ್ದದ ಎಡಕ್ಕೆ ಕೂದಲೆಳೆಯಂತಹ ಗೆರೆಯೊಂದು ಬೆಳಕಿನಲ್ಲಿ ಕಂಡಿತು. ಬಳಿಕ ಬಾಗಿಲು ಹಾಕಿಸಿ ನೇರಳಾತೀತ ದೀಪ ಹಿಡಿದೆ. ಮುಖವೆಲ್ಲ ಒಂದೇ ಬಣ್ಣಕ್ಕೆ ತಿರುಗಿದರೂ ಗದ್ದದ ಮೇಲಿನ ಒಂದು ತೇಪೆ ಮಾತ್ರ ಬೇರೆಯಾಗಿ ಹೊಳೆಯಿತು. ಹಳೆಯ ದುರಸ್ತಿ, ಮೇಲೆ ಹೊಸ ಬಣ್ಣ.

"ಒಮ್ಮೆ ಒಡೆದಿದೆ," ಎಂದೆ.

"ಅಪ್ಪ ನನ್ನ ತಲಿಗೆ ಒಗದಿದ್ದ," ಎಂದು ತಮ್ಮ ಕತ್ತಲಿನಲ್ಲಿಯೇ ಹೇಳಿದ. "ನನಗ ಹೊಲಿಗಿ ಹಾಕಿಸಲಿಲ್ಲ, ಅದಕ್ಕ ಹಾಕಿಸಿದ."

ಬಾಗಿಲು ತೆರೆದಾಗ ಯಾರೂ ಯಾರನ್ನೂ ನೋಡಲಿಲ್ಲ.

ಹೆಗಲಿನ ಹಿಂಬದಿಯಲ್ಲಿ ಅಚ್ಚಿನ ಸಂಖ್ಯೆ ಕೊರೆದಿತ್ತು. ಅದರ ಕೆಳಗೆ ರೋಮನ್ ಅಕ್ಷರಗಳಲ್ಲಿ ಜರ್ಮನಿ ಎಂದಿತ್ತು. ಇಂತಹ ಸಂಖ್ಯೆಗಳನ್ನು ನಕಲು ಗೊಂಬೆಗಳ ಮೇಲೆಯೂ ಒತ್ತುತ್ತಾರೆ. ಆದ್ದರಿಂದ ಖಚಿತಪಡಿಸಿಕೊಳ್ಳದೆ ಬರೆಯುವಂತಿರಲಿಲ್ಲ. ಕೆಳಗೆ ಮೊಬೈಲ್ ಸಂಪರ್ಕ ಸಿಗುತ್ತಿರಲಿಲ್ಲ. ಮಾಳಿಗೆ ಏರಿ, ಛಾಯಾಚಿತ್ರಗಳನ್ನು ಪುಣೆಯ ಹಿರಿಯ ತಜ್ಞೆಯೊಬ್ಬರಿಗೆ ಕಳಿಸಿ ಇಳಿದೆ. ಮುಂಡದ ಹೊಲಿಗೆ ಬಿಚ್ಚಿ ತಿದಿಯನ್ನು ನೋಡಬೇಕಾಗುತ್ತದೆ ಎಂದು ಕೇಳಿಕೊಂಡಾಗ ಅಣ್ಣ ಕಂಬದಿಂದ ಎದ್ದು ನಿಂತ.

"ಹೊಟ್ಟಿ ಹರಿಯಾಕ ಬಿಡಂಗಿಲ್ಲ. ಮ್ಯಾಲಿಂದ ನೋಡ್ರಿ, ಕಿಮ್ಮತ್ತ ಹೇಳ್ರಿ, ಹೋಗ್ರಿ."

ಬೇರೆ ದಾರಿಯಿಲ್ಲದೆ ಹೊರಗಿನಿಂದಲೇ ಪರೀಕ್ಷಿಸಿದೆ. ಮುಂಡದ ಬಟ್ಟೆ ಹೊಟ್ಟೆಯ ಬಲಬದಿಯಲ್ಲಿ ಮಾತ್ರ ಸವೆದಿತ್ತು. ಮಕ್ಕಳು ಆಡಿದ ಗೊಂಬೆಯಾದರೆ ಕೈಕಾಲು, ಬೆನ್ನು, ಮೂಗು ಎಲ್ಲೆಡೆ ಸವೆದಿರುತ್ತದೆ. ಇಲ್ಲಿ ಸವೆದ ಜಾಗ ದೊಡ್ಡವರ ಹೆಬ್ಬೆರಳಿನ ಅಗಲದ್ದು. ಅದರ ಮೇಲೆ ತೇಪೆ, ತೇಪೆಯೂ ಸವೆದು ಮತ್ತೊಂದು ತೇಪೆ. ಮೇಲಿನ ತೇಪೆಯ ದಾರ ಇನ್ನೂ ಹೊಳೆಯುತ್ತಿತ್ತು. ಕೈಗಳ ತಂತಿಯೂ ಹೊಸ ತಾಮ್ರದ್ದು. ಹೊಲಿಗೆಯ ಸಂದಿನಿಂದ ಕಪ್ಪು ರಬ್ಬರಿನ ತುದಿಯೊಂದು ಹೊರಬಂದಿತ್ತು, ಸೈಕಲ್ ಟ್ಯೂಬಿನದು. ಅಲಂಕಾರಕ್ಕೆಂದು ಗೂಡಿನಲ್ಲಿ ಇಟ್ಟ ವಸ್ತುವಿಗೆ ಹೊಸ ತಿದಿಯ ಅಗತ್ಯವೇನು ಎಂಬ ಪ್ರಶ್ನೆ ನನಗೆ ಬಂತು.

"ಇದನ್ನು ಇತ್ತೀಚೆಗೆ ಯಾರು ದುರಸ್ತಿ ಮಾಡಿಸಿದರು?" ಎಂದು ಕೇಳಿದೆ. ಅಣ್ಣ ಪಂಚರ ಪಕ್ಕಕ್ಕೆ ಹೋಗಿ ಕುಳಿತ.

ಯಂತ್ರ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ಬೆಲೆಗೆ ಮುಖ್ಯ. "ಒಮ್ಮೆ ಒತ್ತಿ ನೋಡುತ್ತೇನೆ," ಎಂದು ಹೇಳಿ, ಹೆಬ್ಬೆರಳನ್ನು ತೇಪೆಯ ಮೇಲಿಟ್ಟು ಒತ್ತಿದೆ. ತಿದಿ ಕಿರುಚಿತು. ತಾಳಗಳು ಬಡಿದವು. ಅಷ್ಟು ಚಿಕ್ಕ ಗೊಂಬೆಯಿಂದ ಅಷ್ಟು ಕಠೋರವಾದ ಸದ್ದು ಬರುತ್ತದೆಂದು ನಾನು ಎಣಿಸಿರಲಿಲ್ಲ.

ತಮ್ಮನ ಎರಡೂ ಕೈಗಳು ಕಿವಿಗಳ ಮೇಲೆ ಹೋದವು. ಅಕ್ಕ ಕಣ್ಣು ಮುಚ್ಚಿಕೊಂಡರು. ಅಡುಗೆಮನೆಯಲ್ಲಿ ಏನೋ ಬಿದ್ದ ಶಬ್ದವಾಯಿತು. ಅಣ್ಣನ ಹೆಂಡತಿ ಹಿಟ್ಟಿನ ಕೈಯಲ್ಲಿಯೇ ಹೊರಬಂದು, ನಮ್ಮಲ್ಲಿ ಒಬ್ಬರನ್ನೂ ನೋಡದೆ ನಡುಗಂಬದ ಬಳಿಗೆ ಹೋದರು. ಅಲ್ಲಿ ನಿಂತು ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ಕಳಚಿ ಸೆರಗಿನಲ್ಲಿ ಕಟ್ಟಿಕೊಂಡರು. ಆಮೇಲೆ ಕಂಬವನ್ನು ತಬ್ಬಿ ಬೆನ್ನು ಈ ಕಡೆ ಮಾಡಿ ನಿಂತರು. ಗಂಡ ಬದುಕಿರುವ ಹೆಂಗಸು ಬಳೆ ಕಳಚುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಏಟಿಗೆ ಬಳೆ ಒಡೆದರೆ ಅಪಶಕುನವೆಂದು ಮೊದಲೇ ತೆಗೆದಿಡುತ್ತಾರೆ ಎಂಬುದು ನನಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು.

"ಏ, ಒಳಗ ನಡಿ!" ಎಂದು ಅಣ್ಣ ಅರಚಿದ. "ಯಾರ್ ಕರದಾರ ನಿನಗ? ಮೇಡಮ್ಮಾರು ಬಾರಿಸ್ಯಾರ ಅದನ್ನ!"

ಅವರು ತಿರುಗಿ ನೋಡಿ, ನನ್ನ ಕೈಯಲ್ಲಿ ಗೊಂಬೆಯನ್ನು ಕಂಡು, ಒಳಗೆ ಹೋದರು. ಪಂಚರಲ್ಲಿ ಒಬ್ಬರು ಎಲೆ-ಅಡಿಕೆಯ ಚೀಲ ಬಿಚ್ಚಿ ಅದರೊಳಗೆ ಏನನ್ನೋ ಹುಡುಕತೊಡಗಿದರು.

ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅಕ್ಕ ಹಿಂದೆಯೇ ಬಂದರು. ಅವರ ಬಲಗಿವಿಯ ಹಾಲೆ ಹರಿದು ಎರಡಾಗಿದ್ದುದನ್ನು ಆಗ ಗಮನಿಸಿದೆ.

"ನಮ್ಮಪ್ಪ ಸುರು ಮಾಡಿದ್ದ್ರಿ," ಎಂದರು. "ಹೊಡಿಯೂಕಿಂತ ಮುಂಚೆ ಅದನ್ನ ಬಾರಿಸೂದು. 'ಸರ್ಕಸ್ ಸುರು ಆತು, ಬರ್ರಿ' ಅನ್ನಾವ. ನಾವು ಬಂದು ಕಂಬಕ್ಕ ನಿಂದ್ರಬೇಕು. ಓಡಿಹೋದರ ನಮ್ಮ ಬದಲಿ ಅವ್ವಗ. ಬಾರಕೋಲಲೇ ಹೊಡಿತಿದ್ದ. ಎಲ್ಲಾರಕಿಂತ ಜಾಸ್ತಿ ತಿಂದಾವ ನಮ್ಮಣ್ಣನ. ಅಪ್ಪ ಸತ್ತ ಮ್ಯಾಲೆ ಅದು ಬಂದ್ ಆಗಿತ್ರಿ, ತಿದಿ ಹರದಿತ್ತು. ಇವ ರಾಮದುರ್ಗಕ್ಕ ಒಯ್ದು ಸೈಕಲ್ ಪಂಚರ್ ತಿದ್ದಾವನ ಕಡೆ ಹೊಸಾದ ಮಾಡಿಸಿಕೊಂಡ ಬಂದಾನ. ಅದನ್ನ ಒಯ್ದು ಮಲಪ್ರಭಾದಾಗ ಒಗಿಬೇಕಂತ ಕೇಳೇನ್ರಿ. ನನಗ ಹೊಲಾ ಬ್ಯಾಡ, ಏನೂ ಬ್ಯಾಡ. ನೀವು ಅದಕ್ಕ ಕಿಮ್ಮತ್ತಿಲ್ಲಂತ ಒಂದ್ ಮಾತ ಬರದ್ ಬಿಡ್ರಿ."

ನಾನು ಏನೂ ಮಾತು ಕೊಡಲಿಲ್ಲ. ಮಾಳಿಗೆ ಏರಿದಾಗ ಪುಣೆಯಿಂದ ಉತ್ತರ ಬಂದಿತ್ತು. ಅಚ್ಚು ಅಸಲಿಯದೇ, ಕಾಲವೂ ನಾನು ಊಹಿಸಿದ್ದೇ. ಗದ್ದದ ಬಿರುಕಿಗೆ, ಹೊಸ ತಿದಿಗೆ, ತೇಪೆಗಳಿಗೆ ಎಷ್ಟು ಕಳೆಯಬೇಕೋ ಅಷ್ಟನ್ನೂ ಕಳೆದು ನೋಡಿದೆ. ಹುಬ್ಬಳ್ಳಿಯ ಯಾವನೋ ವ್ಯಾಪಾರಿ ಅಣ್ಣನ ಕಿವಿಯಲ್ಲಿ ಊದಿದ್ದ ಲಕ್ಷಗಳ ಮಾತು ಸುಳ್ಳು. ಆದರೂ ಬೆಲೆ ಒಂದು ಇಳಕಲ್ ಸೀರೆಗಿಂತ ಬಹಳ ಮೇಲೆಯೇ ನಿಂತಿತು.

ಬಿರುಕನ್ನು ಸ್ವಲ್ಪ ಉದ್ದ ಮಾಡಿ ಬರೆದರೆ ಸಾಕಾಗಿತ್ತು. ಅಚ್ಚಿನ ವಿಷಯದಲ್ಲಿ ಸಂದೇಹವಿದೆ ಎಂದರೂ ಸಾಕಾಗಿತ್ತು. ಪ್ರಶ್ನಿಸುವಷ್ಟು ತಿಳಿದವರು ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಕಾದ ಮಾಳಿಗೆಯ ಮೇಲೆ ನಿಂತು ಬಹಳ ಹೊತ್ತು ಯೋಚಿಸಿದೆ. ಆದರೆ ವರದಿಯಲ್ಲಿ ವಸ್ತುವಿನ ಈಗಿನ ಬಳಕೆಯನ್ನೂ ನಮೂದಿಸಬೇಕಾಗುತ್ತದೆ. ಆ ಗೊಂಬೆ ಯಾವುದಕ್ಕೆ ಬಳಕೆಯಾಗುತ್ತಿದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನು ಬರೆಯದೆ ಇರಲು ನನಗೆ ಸಾಧ್ಯವಿರಲಿಲ್ಲ. ಬೆಲೆಯಲ್ಲಿ ಸುಳ್ಳು ಬರೆದವಳು ಬಳಕೆಯಲ್ಲಿ ನಿಜ ಬರೆದರೆ, ನಾಳೆ ಯಾವನೇ ವಕೀಲ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಅಳಿಸಿಹಾಕುತ್ತಾನೆ. ಎರಡನ್ನೂ ನಿಜವಾಗಿಯೇ ಬರೆಯಲು ನಿರ್ಧರಿಸಿದೆ.

ಆದರೆ ಅದು ಅಣ್ಣನ ಹೆಂಡತಿಯ ಬೆನ್ನಿನ ಮೇಲೆ ಬೀಳುವ ಮಾತು. ಕೆಳಗಿಳಿದವಳು ನೇರವಾಗಿ ಅಡುಗೆಮನೆಯ ಹೊಸ್ತಿಲಿಗೆ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಬಳೆಗಳು ಇನ್ನೂ ಸೆರಗಿನ ಗಂಟಿನಲ್ಲಿಯೇ ಇದ್ದವು.

"ನಾ ಕಂಡಿದ್ದನ್ನ ಬರೀತೇನ್ರಿ," ಎಂದೆ. "ಎಲ್ಲಾರ ಮುಂದ ಓದಿ ಹೇಳಬೇಕಾಕ್ಕೇತಿ. ನೀವು ಬ್ಯಾಡಂದ್ರ ಬರಿಯಂಗಿಲ್ಲ, ಕೆಲಸಾ ಬಿಟ್ಟು ಹೊಕ್ಕೇನಿ."

ಅವರು ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದರು. "ಓದಿದ್ರ ಏನಾಕ್ಕೇತ್ರಿ?"

"ಏನಾಕ್ಕೇತೋ ನನಗೂ ಗೊತ್ತಿಲ್ರಿ."

ರೊಟ್ಟಿಯನ್ನು ಮಗುಚಿ, ಅದು ಉಬ್ಬಿದ ಮೇಲೆ ಬುಟ್ಟಿಗೆ ಹಾಕಿದರು. "ಇಷ್ಟ್ ವರ್ಷ ಎಲ್ಲಾರೂ ಕಿವೀಲೆ ಕೇಳ್ಯಾರ. ಬಾಯಿಲೆ ಯಾರೂ ಅಂದಿಲ್ಲ," ಎಂದರು. "ಓದ್ರಿ."

ವರದಿಯನ್ನು ಶುದ್ಧಪ್ರತಿ ಮಾಡಿ, ಪಡಸಾಲೆಯಲ್ಲಿ ನಿಂತು ಓದಿದೆ. ವಸ್ತು, ಮೂಲ, ಅಚ್ಚು, ಗದ್ದದ ಬಿರುಕು, ದುರಸ್ತಿಗಳು, ಬೆಲೆ. ಬೆಲೆ ಕೇಳುತ್ತಲೇ ಅಣ್ಣ ತೊಡೆ ತಟ್ಟಿದ.

"ಆತಲ್ಲ? ಮುಗೀತು. ಗೊಂಬಿ ಇಲ್ಲೇ ಇರತೈತಿ. ಏ ತಂಗಿ, ಸೀರಿ ಉಟಗೋ, ಸಹಿ ಮಾಡು."

ಅಕ್ಕ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ. ನಾನು ಮುಂದಿನ ಸಾಲನ್ನು ಓದಿದೆ: "ಪ್ರಸ್ತುತ ಬಳಕೆ: ಈ ಮನೆಯ ಯಜಮಾನರು ತಮ್ಮ ಪತ್ನಿಯನ್ನು ಹೊಡೆಯುವ ಮುನ್ನ ಕಂಬದ ಬಳಿಗೆ ಕರೆಯಲು ಈ ಗೊಂಬೆಯ ತಾಳಗಳನ್ನು ಬಾರಿಸುತ್ತಾರೆ. ತಿದಿ, ತಂತಿ ಮತ್ತು ಮೇಲಿನ ತೇಪೆಯನ್ನು ಇದೇ ಉದ್ದೇಶಕ್ಕಾಗಿ ಇತ್ತೀಚೆಗೆ ಹೊಸದಾಗಿ ಹಾಕಿಸಲಾಗಿದೆ."

"ಮೇಡಮ್ಮಾರ," ಎಂದರು ಪಂಚರಲ್ಲಿ ಹಿರಿಯರು, ಎಲೆಗೆ ಸುಣ್ಣ ಹಚ್ಚುತ್ತಲೇ. "ಗಂಡಾ ಹೆಂಡತಿ ಮಾತ ಅದು. ಕಾಗದಕ್ಕ ಯಾಕ ತರತೀರಿ?"

"ವೈನಿ!" ಎಂದು ಅಕ್ಕ ಒಳಗಿದ್ದ ಅತ್ತಿಗೆಯನ್ನು ಕೂಗಿದರು. "ಹೊರಗ ಬಾ. ಸುಳ್ಳ ಅಂತ ಅನ್ನಲಿ ಇವರು ನಿನ್ನ ಮುಂದ. ನಾ ಸಹಿ ಮಾಡತೇನಿ, ಬೇಕಾದ್ದಕ್ಕ ಮಾಡತೇನಿ, ಆ ಗೊಂಬಿ ಕೊಡ್ರಿ ನನಗ. ಒಯ್ದು ಹೊಳಿಗೆ ಹಾಕತೇನಿ."

ಅಣ್ಣನ ಹೆಂಡತಿ ಬಾಗಿಲಿಗೆ ಬಂದು ನಿಂತರು. ಅವರು ನಾಲ್ಕು ಜನರ ಎದುರಿಗೆ ಮಾತಾಡಿದ್ದನ್ನು ಆ ಊರಿನವರು ಕೇಳಿರಲಿಲ್ಲವೆಂದು ಆಮೇಲೆ ತಿಳಿಯಿತು.

"ಅಕ್ಕಾರ, ಗೊಂಬಿ ಒಯ್ದ್ರ ಇವರ ಕೈ ಒಯ್ದಂಗ ಆಕ್ಕೇತೇನ್ರಿ?" ಎಂದರು. "ನಾಳಿ ತಾಟ ಬಾರಿಸ್ತಾರ. ತಾಟ ಒಯ್ದರ ಚಪ್ಪಾಳಿ ಹೊಡಿತಾರ."

ತಮ್ಮ ಒಮ್ಮೆಲೇ ನಕ್ಕುಬಿಟ್ಟ. ಅದು ಸಂತೋಷದ ನಗೆಯಲ್ಲ. ಆದರೆ ಅಣ್ಣನಿಗೆ ನಗೆಯಷ್ಟೇ ಕೇಳಿಸಿತು. ಹೊರಗಟ್ಟೆಯ ಮೇಲೆ ಕೊಡಲಿ, ಕುಡುಗೋಲು, ಲಟ್ಟಣಿಗೆ ಎಲ್ಲವೂ ಇದ್ದವು. ಒಳಗೆ ಕೈಗೆ ಸಿಗುವಂತಹುದು ಬಿಳಿ ಬಟ್ಟೆಯ ಮೇಲಿನ ಗೊಂಬೆಯೊಂದೇ. ಅವನು ಅದರ ಎರಡೂ ಕಾಲುಗಳನ್ನು ಹಿಡಿದೆತ್ತಿ ಹೆಂಡತಿಯ ಕಡೆಗೆ ಹಾರಿ ಬೀಸಿದ. ಬಾರಿಸದೆ, ಕರೆಯದೆ ಹೊಡೆದದ್ದು ಅದೇ ಮೊದಲಿರಬೇಕು. ಅವರು ಕೈ ಎತ್ತಲೂ ಇಲ್ಲ.

ಪಿಂಗಾಣಿಯ ತಲೆ ಅವರ ಎಡಗಣ್ಣಿನ ಮೇಲೆ ಒಡೆಯಿತು. ಹುಬ್ಬಿನಿಂದ ಕೆನ್ನೆಯವರೆಗೆ ಚರ್ಮ ಬಾಯ್ತೆರೆಯಿತು. ರಕ್ತ ಮೊದಲು ಬರಲಿಲ್ಲ. ಆಮೇಲೆ ಒಮ್ಮೆಲೇ ಬಂದು ಕುಪ್ಪಸದವರೆಗೆ ಇಳಿಯಿತು. ಅಣ್ಣ ಕೈಯಲ್ಲಿ ಉಳಿದ ಮೊನಚಾದ ಹೆಗಲಿನ ತುಂಡಿನಿಂದ ಮತ್ತೊಮ್ಮೆ ಬೀಸಿದಾಗ ತಮ್ಮ ನಡುವೆ ನುಗ್ಗಿದ. ಸರಿಯಿದ್ದ ಕೈಯಿಂದ ಅಣ್ಣನ ಕುತ್ತಿಗೆ ಹಿಡಿದು, ಅದೇ ನಡುಗಂಬಕ್ಕೆ ಅವನ ಮುಖವನ್ನು ಬಡಿದ. ಮತ್ತೆ ಬಡಿದ. ಹಲ್ಲು ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಸರ್ಕಸ್ ಸುರು ಆತೋ ಅಣ್ಣಾ, ಬಾ, ಬಾ!" ಎಂದು ಅವನು ಅಳುತ್ತ ಕೂಗುತ್ತಿದ್ದ. ಪಂಚರು ಬಂದು ಎಳೆದರೂ ಬಿಡಲಿಲ್ಲ. ಅಕ್ಕ ಕೊಡದ ನೀರು ತಂದು ಇಬ್ಬರ ಮೇಲೂ ಸುರುವಿದಾಗ ಬಿಟ್ಟ.

ನಾನು ಬಿಳಿ ಬಟ್ಟೆಯನ್ನು ಮಡಚಿ ಗಾಯದ ಮೇಲೆ ಒತ್ತಿ ಹಿಡಿದಿದ್ದೆ. ಅದು ತೊಯ್ದು ಹೋದಾಗ ಅಕ್ಕ, ಸಹಿಗೆ ಪ್ರತಿಯಾಗಿ ಕೊಡಲು ತಂದಿರಿಸಿದ್ದ ಹೊಸ ಇಳಕಲ್ ಸೀರೆಯನ್ನು ಬಿಚ್ಚಿ ತಲೆಗೆ ಸುತ್ತಿದರು. ತುಂಡುಗಳನ್ನು ಬಿಟ್ಟು ಹೋಗಲು ಮಾತ್ರ ನನಗೆ ಮನಸ್ಸಾಗಲಿಲ್ಲ. ಮತ್ತೆ ಕೈಗವಸು ಹಾಕಿಕೊಂಡು, ರಕ್ತ ಹತ್ತಿದ್ದನ್ನೂ ಹತ್ತದ್ದನ್ನೂ ಬೇರೆಯಾಗಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟೆ. ಅಣ್ಣನನ್ನು ಪಂಚರಿಗೆ ಬಿಟ್ಟು ತಮ್ಮನ ಜೀಪಿನಲ್ಲಿಯೇ ಆಸ್ಪತ್ರೆಗೆ ಹೋದೆವು. ಕಣ್ಣು ಉಳಿದಿದೆ ಎಂದು ವೈದ್ಯರು ಹೇಳಿದರು. ಹೊಲಿಗೆ ಮುಗಿದ ಮೇಲೆ ಅಣ್ಣನ ಹೆಂಡತಿ ತಾವಾಗಿಯೇ ಠಾಣೆಗೆ ಹೋಗಬೇಕೆಂದರು.

ಠಾಣೆಯ ಮೆಟ್ಟಿಲಲ್ಲಿ ತಮ್ಮ ಅಕ್ಕನ ಕೈ ಹಿಡಿದ. "ಅಕ್ಕಾ, ಆ ಪತ್ರ ಏನ್ ಮಾಡಾಕಿ? ಹೊಲಾ ಮಾರಿ ನಾ ಊರ ಬಿಡಬೇಕಂತ ಕುಂತೇನಿ."

"ಸಹಿ ಮಾಡಂಗಿಲ್ಲ," ಎಂದರು ಅಕ್ಕ. "ನನ್ನ ಪಾಲಿಗೆ ಆ ಪಡಸಾಲಿ ಹಚ್ಚ್ರಿ. ಕಂಬಾ ಸುದ್ದಾ. ನಾ ಬಂದು ಅಲ್ಲೇ ಇರತೇನಿ, ವೈನಿನ್ನ ಕಟಗೊಂಡು. ಅಣ್ಣ ಬೇಕಾದ್ರ ಅಂಗಳದಾಗ ಇರಲಿ."

ಒಳಗೆ ಹವಾಲ್ದಾರರು ಬರೆದುಕೊಳ್ಳತೊಡಗಿದರು. ಯಾವುದರಿಂದ ಹೊಡೆದರು ಎಂದು ಕೇಳಿದರು.

"ಗೊಂಬಿಲೆ ಹೊಡದಾರ್ರಿ," ಎಂದರು ಅಣ್ಣನ ಹೆಂಡತಿ.

ಹವಾಲ್ದಾರರು ಬರೆಯುವುದನ್ನು ನಿಲ್ಲಿಸಿದರು. "ಗೊಂಬಿಲೆ? ಹುಡುಗ್ರ ಆಡೂ ಗೊಂಬಿ ಏನವಾ?"

ಆಗ ನಾನು ಎದ್ದು ನಿಂತು, ವರದಿಯನ್ನು ಮೇಜಿನ ಮೇಲಿಟ್ಟು ವಿವರಿಸಿದೆ. ಹೆಚ್ಚಿನ ಶಾಖದಲ್ಲಿ ಸುಟ್ಟ ಪಿಂಗಾಣಿ, ತಲೆ ಮತ್ತು ಹೆಗಲು ಒಂದೇ ತುಂಡು, ಕೈಯಲ್ಲಿ ಹಿಡಿದು ಬೀಸಿದರೆ ಕಲ್ಲಿನಷ್ಟೇ ಪೆಟ್ಟು, ಒಡೆದಾಗ ಗಾಜಿನಂತಹ ಅಂಚು. ಪೆಟ್ಟಿಗೆ ತೆರೆದು ತೋರಿಸಿದೆ. ಕೆಂಪು ಬಾಯಿಯ ಅರ್ಧಭಾಗ ಮೇಲೆಯೇ ಇತ್ತು. ಅವರ ಮುಖ ಬದಲಾಯಿತು. "ಪ್ರಸ್ತುತ ಬಳಕೆ" ಎಂಬ ಸಾಲನ್ನು ಓದಿ, ಮತ್ತೆ ಓದಿ, ಹಾಗೆಯೇ ತಮ್ಮ ಕಾಗದಕ್ಕೆ ಇಳಿಸಿಕೊಂಡರು.

"ಜಪ್ತಿ ಮಾಡಿದ ಮಾಲಿನ ಕಿಮ್ಮತ್ತ ಬರಿಬೇಕಾಕ್ಕೇತಿ," ಎಂದರು. "ಈಗ ಇದರದು ಎಷ್ಟ್ ಬರೀಲಿ ಮೇಡಮ್ಮಾರ? ಒಡದ ಹೋಗೇತಲ್ಲ."

ಒಡೆದ ಸ್ಥಿತಿಯಲ್ಲಿ ಅದಕ್ಕೆ ಬೆಲೆಯಿಲ್ಲ. ವೃತ್ತಿಯ ಪ್ರಕಾರ ಅದೇ ಸರಿಯಾದ ಉತ್ತರ. ಅದನ್ನು ಹೇಳಲು ಬಾಯಿ ತೆರೆದೆ.

"ಮುಂಜಾನೆ ಹೇಳಿದ್ರಲ್ರಿ, ಅದನ್ನ ಬರಸ್ರಿ," ಎಂದರು ಅಣ್ಣನ ಹೆಂಡತಿ. ಪಟ್ಟಿಯ ಹೊರಗಿದ್ದ ಒಂದೇ ಕಣ್ಣು ನನ್ನ ಕಡೆ ತಿರುಗಿತ್ತು. "ನನಗ ಬಡಿಯೂ ಮುಂದ ಅದು ಇಡೀದ ಇತ್ತು."

ಹವಾಲ್ದಾರರು ನನ್ನನ್ನು ನೋಡಿದರು. ಪೆಟ್ಟು ಬೀಳುವಾಗ ವಸ್ತುವಿನ ಸ್ಥಿತಿ ಯಾವುದಿತ್ತೋ ಆ ಸ್ಥಿತಿಯ ಬೆಲೆಯೇ ಇಲ್ಲಿ ಅನ್ವಯಿಸುತ್ತದೆ ಎಂದು ತಿಳಿಸಿ, ಮೊತ್ತ ಹೇಳಿದೆ. ಅವರು ಅಂಕಿಯಲ್ಲಿ ಬರೆದರು. ಅಕ್ಷರದಲ್ಲಿಯೂ ಬರೆಯಬೇಕೆಂದು ನಾನು ಕೇಳಿಕೊಂಡೆ. ಬರೆದರು.